ಮಧ್ಯಾಹ್ನದ ಬಿಸಿಲು ಮಧ್ಯರಾತ್ರಿಗೆ

ರಾಯಚೂರು ಕಡೆಯ ಓದುಗರೊಬ್ಬರು ಕೇಳಿದ್ದಾರೆ: "ಹಳೆಯ ಮಣ್ಣಿನ ಮಾಳಿಗೆ ಮನೆ ಕೆಡವಿ ಆರ್‌ಸಿಸಿ ಹಾಕಿಸಿದೆವು. ಹಳೇ ಮನೆಯಲ್ಲಿ ಮೇ ತಿಂಗಳ ಮಧ್ಯಾಹ್ನವೂ ನಿದ್ದೆ ಬರುತ್ತಿತ್ತು. ಈಗ ಫ್ಯಾನ್ ಹಾಕಿದರೆ ಬಿಸಿಗಾಳಿ ಸುರಿಯುತ್ತದೆ. ಕಲ್ಲು ಶಾಖ ತಡೆಯುತ್ತದೆ, ಕಾಂಕ್ರೀಟು ತಡೆಯುವುದಿಲ್ಲ, ಅಲ್ಲವೇ?"

ಅಲ್ಲ ಸ್ವಾಮಿ. ಈ ತಪ್ಪು ತಿಳಿವಳಿಕೆ ಎಂಜಿನಿಯರುಗಳ ಬಾಯಲ್ಲೂ ಬರುತ್ತದೆ. ಗ್ರಾನೈಟು ಕಾಂಕ್ರೀಟಿಗಿಂತ ಚುರುಕಾಗಿಯೇ ಶಾಖವನ್ನು ದಾಟಿಸುತ್ತದೆ; ಅಲುಗಾಡದ ಗಾಳಿಯೊಂದಿಗೆ ಹೋಲಿಸಿದರಂತೂ ಸುಮಾರು ನೂರು ಪಟ್ಟು. ನಿಜವಾದ ಶಾಖನಿರೋಧಕ ಎಂದರೆ ಗಾಳಿಯನ್ನು ಸಣ್ಣ ಸಣ್ಣ ಸಂದುಗಳಲ್ಲಿ ಕೂಡಿಹಾಕಿದ ವಸ್ತು: ಥರ್ಮೋಕೋಲ್, ಹುಲ್ಲು, ತೆಂಗಿನ ನಾರು. ಕಲ್ಲು ಮಣ್ಣುಗಳ ಗುಣವೇ ಬೇರೆ. ಅವು ಶಾಖವನ್ನು ತಡೆಯುವುದಿಲ್ಲ, ತಡಮಾಡುತ್ತವೆ. ಹಳೇ ಕಾಲದ ಅಂಚೆಯ ಹಾಗೆ. ಹಾಕಿದ್ದು ತಲುಪುತ್ತದೆ, ಆದರೆ ತನ್ನದೇ ಹೊತ್ತಿಗೆ.

ಎಷ್ಟು ತಡ? ಫ್ರಾನ್ಸಿನ ಗಣಿತಜ್ಞ ಜೋಸೆಫ್ ಫೂರಿಯೇ 1822ರಲ್ಲಿ ಪ್ರಕಟಿಸಿದ ಶಾಖ ಸಿದ್ಧಾಂತ ಈ ಲೆಕ್ಕಕ್ಕೆ ಬುನಾದಿ. ನನಗಂತೂ ಎಷ್ಟು ಸಲ ಮಾಡಿದರೂ ಖುಷಿ ಕೊಡುವ ಲೆಕ್ಕವಿದು. ಇಟ್ಟಿಗೆ ಗೋಡೆಯೊಳಗೆ ಶಾಖದ ದಿನದ ಅಲೆ ಪ್ರತಿ 12 ಸೆಂ.ಮೀ. ಸಾಗುವಷ್ಟರಲ್ಲಿ ಸುಮಾರು 4 ಗಂಟೆ ಹಿಂದೆ ಬೀಳುತ್ತದೆ. ಅದರ ಏರಿಳಿತ ಮೂರನೇ ಒಂದು ಭಾಗದಷ್ಟಕ್ಕೆ ಇಳಿಯುತ್ತದೆ. 36 ಸೆಂ.ಮೀ. ದಾಟಿದರೆ 12 ಗಂಟೆ ತಡ, ಏರಿಳಿತ ಇಪ್ಪತ್ತನೇ ಒಂದು ಭಾಗ. ಗ್ರಾನೈಟಿನಲ್ಲಿ ಇದೇ ಕೆಲಸಕ್ಕೆ ಒಂದೂವರೆ ಪಟ್ಟು ದಪ್ಪ ಬೇಕು, ಅಂದರೆ ಹತ್ತಿರ ಹತ್ತಿರ ಎರಡು ಅಡಿ. ನಮ್ಮ ಹಳ್ಳಿ ಮನೆಗಳ ಕಲ್ಲುಗೋಡೆ ಎಷ್ಟು ದಪ್ಪ ಎಂದು ಒಮ್ಮೆ ಅಳೆದು ನೋಡಿ.

ಇನ್ನೂ ಸೊಗಸಾದದ್ದು ವರ್ಷದ ಅಲೆ. ಬೇಸಿಗೆ ಚಳಿಗಾಲಗಳ ಈ ನಿಧಾನದ ಅಲೆ ನೆಲದೊಳಗೆ ದಿನದ ಅಲೆಗಿಂತ 19 ಪಟ್ಟು ಆಳಕ್ಕೆ ಇಳಿಯುತ್ತದೆ. ಆಳ ಹೆಚ್ಚುವುದು ಅಲೆಯ ಅವಧಿಯ ವರ್ಗಮೂಲದಂತೆ; 365ರ ವರ್ಗಮೂಲ ಅಷ್ಟೇ ತಾನೆ. ಹಾಗೆ ಇಳಿದು ಏಳು ಮೀಟರ್ ಆಳ ಮುಟ್ಟುವ ಹೊತ್ತಿಗೆ ಅರ್ಧ ವರ್ಷ ಕಳೆದಿರುತ್ತದೆ, ಅಲೆಯೂ ಬಹುತೇಕ ಸತ್ತಿರುತ್ತದೆ. ಆಳದ ಬಾವಿಯ ನೀರು ಚಳಿಗಾಲದಲ್ಲಿ ಬೆಚ್ಚಗಾಗುವುದು ಯಾವ ಗಂಗೆಯ ಮಹಿಮೆಯೂ ಅಲ್ಲ. ನೀರು ಇದ್ದ ಹಾಗೇ ಇದೆ, ತಣ್ಣಗಾಗಿರುವುದು ನಮ್ಮ ಮೈ.

ಗೋಡೆಗೆ ಮರಳೋಣ. ದಪ್ಪ ಗೋಡೆ ಏರಿಳಿತವನ್ನು ಅಳಿಸುತ್ತದೆ, ಸರಾಸರಿಯನ್ನು ಇಳಿಸುವುದಿಲ್ಲ. ಮಧ್ಯಾಹ್ನದ ಶಾಖ ರಾತ್ರಿ ಒಳಗೆ ಬಂದೇ ಬರುತ್ತದೆ. ನಮ್ಮ ಹಿರಿಯರು ಇದನ್ನು ಸಮೀಕರಣವಿಲ್ಲದೆ ಬಗೆಹರಿಸಿಕೊಂಡಿದ್ದರು. ಶಾಖ ಮನೆಯೊಳಗೆ ಕಾಲಿಡುವ ಹೊತ್ತಿಗೆ ಮನೆಮಂದಿಯೆಲ್ಲ ಹಾಸಿಗೆ ಸುತ್ತಿಕೊಂಡು ಮಾಳಿಗೆ ಮೇಲೆ! ಕೆಳಗೆ ಬೆಳಕಿಂಡಿ ತೆರೆದಿರುತ್ತಿತ್ತು, ಬಿಸಿಗಾಳಿ ಅಲ್ಲಿಂದ ಹೊರಗೆ.

ಆರ್‌ಸಿಸಿ ಚಾವಣಿಯ ದಪ್ಪ 10–12 ಸೆಂ.ಮೀ. ಅದರ ತಡ ಮೂರು ನಾಲ್ಕು ಗಂಟೆ ಮಾತ್ರ. ನಡು ಮಧ್ಯಾಹ್ನದ ಬಿಸಿಲು ಸಂಜೆ, ಎಲ್ಲರೂ ಮನೆ ಸೇರುವ ಹೊತ್ತಿಗೆ ಸರಿಯಾಗಿ ತಲೆಯ ಮೇಲೆ ಹಾಜರು. ಇದರ ಮೇಲೆ ಕಪ್ಪು ಟಾರಿನ ಲೇಪ ಹಾಕಿಸುವವರಿಗೆ ಏನು ಹೇಳಲಿ? ಸುಣ್ಣ ಬಳಿಸಿ, ಮಾರಾಯರೇ.

ಥರ್ಮೋಕೋಲ್ ಹಾಕಿಸುವುದಾದರೆ ಎಲ್ಲಿ ಎಂಬುದು ಮುಖ್ಯ. ಮನೆಗಳ ಇಂಧನ ಉಳಿತಾಯಕ್ಕೆಂದು ರೂಪಿಸಿದ 2018ರ ಇಕೋ ನಿವಾಸ್ ಸಂಹಿತೆಯ ಪ್ರಕಾರ ಚಾವಣಿಯ ಪ್ರತಿ ಚದರ ಮೀಟರಿನಲ್ಲಿ, ಒಳಹೊರಗಿನ ಒಂದು ಡಿಗ್ರಿ ವ್ಯತ್ಯಾಸಕ್ಕೆ, 1.2 ವ್ಯಾಟ್‌ಗಿಂತ ಹೆಚ್ಚು ಶಾಖ ನುಸುಳಬಾರದು. ಬರೀ ಕಾಂಕ್ರೀಟಿನಲ್ಲಿ ಇದರ ಸುಮಾರು ಮೂರು ಪಟ್ಟು ನುಸುಳುತ್ತದೆ. ನಿರೋಧಕವನ್ನು ಕೆಳಗೆ ಹಾಕಿ, ಮೇಲೆ ಹಾಕಿ, ಈ ಅಂಕಿ ಒಂದೇ. ಮನೆ ಮಾತ್ರ ಒಂದೇ ಅಲ್ಲ. ಮೇಲೆ ಹಾಕಿ ನೀರು ಇಳಿಯದಂತೆ ಮುಚ್ಚಿದರೆ ಕಾಂಕ್ರೀಟು ಬಿಸಿಲು ಕಾಣದೆ ಕೂರುತ್ತದೆ. ರಾತ್ರಿ ಕಿಟಕಿ ತೆರೆದಾಗ ತಂಪಾಗಿ, ಮರುದಿನ ಕೋಣೆಯ ಶಾಖವನ್ನು ಹೀರುತ್ತದೆ. ಫಾಲ್ಸ್ ಸೀಲಿಂಗಿನ ಮರೆಯಲ್ಲಿ ಕೆಳಗೆ ಹಾಕಿದರೆ, ಹತ್ತಕ್ಕೆ ಹನ್ನೆರಡು ಅಡಿ ಕೋಣೆಯ ಮೇಲಿರುವ ಮೂರು ಟನ್ ಕಾಂಕ್ರೀಟು ಕೋಣೆಯ ಪಾಲಿಗೆ ಇಲ್ಲವೇ ಇಲ್ಲ.

ವಾಸ್ತು ಹೇಳುವವರು "ನೈಋತ್ಯ ಭಾರವಿರಲಿ" ಎನ್ನುತ್ತಾರೆ. ಇಳಿಹೊತ್ತಿನ ಬಿಸಿಲು ಬೀಳುವ ದಿಕ್ಕಿನಲ್ಲಿ ದಪ್ಪ ಗೋಡೆ ಬಯಲುಸೀಮೆಗೆ ಸರಿಯೇ. ಅದನ್ನೇ ದೇವರ ಅಪ್ಪಣೆಯೆಂದು ಮಂಗಳೂರಿನಲ್ಲೂ ಮಾರುವುದು ಶುದ್ಧ ಮೋಸ. ಅಲ್ಲಿ ಮೇ ತಿಂಗಳಲ್ಲಿ ಹಗಲು ರಾತ್ರಿಗಳ ಅಂತರವೇ ಏಳೆಂಟು ಡಿಗ್ರಿ. ರಾತ್ರಿ ತಣ್ಣಗಾಗದ ಊರಿನಲ್ಲಿ ದಪ್ಪ ಗೋಡೆ ಏನನ್ನು ಕೂಡಿಡಬೇಕು? ಕರಾವಳಿಗೆ ಒಪ್ಪಿದ್ದು 1865ರಲ್ಲಿ ಬಾಸೆಲ್ ಮಿಶನ್ ಜೆಪ್ಪುವಿನಲ್ಲಿ ಸುಡಲು ತೊಡಗಿದ ತೆಳು ಹಂಚು. ಹೊತ್ತು ಮುಳುಗಿದ ಸ್ವಲ್ಪದರಲ್ಲೇ ಅದು ತಣ್ಣಗಾಗುತ್ತದೆ, ಸಂದುಗಳಲ್ಲಿ ಬಿಸಿಗಾಳಿ ಹೊರಬೀಳುತ್ತದೆ. ರಾಯಚೂರಿನಲ್ಲಿ ಅದೊಂದನ್ನೇ ಹೊದಿಸಿದಿರೋ, ಸಂಜೆಯವರೆಗೆ ಕಾಯಬೇಕಿಲ್ಲ; ಹನ್ನೆರಡಕ್ಕೇ ಬೆವರು.