ಪಾಲು ಬೇಡವೆಂದ ಪೊಲೀಸ್

ಠಾಣೆಗೆ ಹೊಸದಾಗಿ ಬಂದ ಪೇದೆ ಫ್ರಾಂಕ್ ಸರ್ಪಿಕೊ ಜೊತೆಗಾರನೊಂದಿಗೆ ಊಟಕ್ಕೆ ಹೋಗುತ್ತಾನೆ. ರೋಸ್ಟ್ ಬೀಫ್ ಕೇಳಿದರೆ, ಹೋಟೆಲಿನವನು ಕೊಟ್ಟದ್ದನ್ನೇ ಇಲ್ಲಿ ತಿನ್ನಬೇಕು ಎಂದು ಜೊತೆಗಾರ ತಿಳಿಹೇಳುತ್ತಾನೆ. ಯಾಕೆಂದರೆ ಊಟ ಪುಕ್ಕಟೆ. ಸಾಮಾನು ಇಳಿಸುವ ಗಾಡಿಗಳು ಹೋಟೆಲಿನ ಮುಂದೆ ರಸ್ತೆಗೆ ಅಡ್ಡ ನಿಂತರೂ ಪೊಲೀಸರು ಕಂಡೂ ಕಾಣದಂತೆ ಇರುತ್ತಾರೆ, ಅದಕ್ಕೆ ಪ್ರತಿಯಾಗಿ ಈ ಊಟ. ದುಡ್ಡು ಕೊಟ್ಟು ಬೇಕಾದದ್ದನ್ನೇ ತಿನ್ನಬಾರದೇ ಎಂದು ಸರ್ಪಿಕೊ ಕೇಳುತ್ತಾನೆ. ಸುಮ್ಮನೆ ತಿನ್ನು ಎಂಬುದಷ್ಟೇ ಅವನಿಗೆ ಸಿಗುವ ಉತ್ತರ.

1973ರ ಡಿಸೆಂಬರಿನಲ್ಲಿ ತೆರೆಕಂಡ, ಸಿಡ್ನಿ ಲುಮೆಟ್ ನಿರ್ದೇಶನದ ‘ಸರ್ಪಿಕೊ’ ಸಿನಿಮಾದ ಮೊದಲ ಭಾಗದಲ್ಲಿ ಬರುವ ಸಣ್ಣ ದೃಶ್ಯವಿದು. ಆದರೆ ಇಡೀ ಚಿತ್ರದ ಬೀಜ ಇದರಲ್ಲೇ ಇದೆ. ಪೊಲೀಸ್ ಕಥೆಗಳಲ್ಲಿ ಸಾಮಾನ್ಯವಾಗಿ ಒಬ್ಬ ಖಳನಿರುತ್ತಾನೆ, ಕೊನೆಗೆ ಅವನನ್ನು ಮಣಿಸಿದರೆ ಲೆಕ್ಕ ಚುಕ್ತಾ. ಇಲ್ಲಿ ಹಾಗೆ ಬೊಟ್ಟುಮಾಡಿ ತೋರಿಸಲು ಒಬ್ಬನೂ ಸಿಗುವುದಿಲ್ಲ. ಲಂಚ ಎಲ್ಲರೂ ಹಂಚಿಕೊಳ್ಳುವ ದಿನನಿತ್ಯದ ಏರ್ಪಾಡಾಗಿದೆ, ಹಾಗಾಗಿ ಬೇಡವೆಂದವನೇ ಎಲ್ಲರ ಕಣ್ಣಿಗೆ ಅಪಾಯಕಾರಿ.

ಕಥೆ ನಿಜವಾಗಿ ನಡೆದದ್ದು. ಇಟಲಿಯಿಂದ ವಲಸೆ ಬಂದ ಕುಟುಂಬದ ಫ್ರಾಂಕ್ ಸರ್ಪಿಕೊ ಹುಟ್ಟಿದ್ದು 1936ರಲ್ಲಿ, ಬ್ರೂಕ್ಲಿನ್‌ನಲ್ಲಿ. 1959ರಲ್ಲಿ ನ್ಯೂಯಾರ್ಕ್ ಪೊಲೀಸ್ ಇಲಾಖೆ ಸೇರಿದರು. ಮಫ್ತಿಯಲ್ಲಿ ಜೂಜು ಅಡ್ಡೆಗಳನ್ನು ಹಿಡಿಯುವ ಕೆಲಸಕ್ಕೆ ಬಂದಾಗ, 1966ರಲ್ಲಿ ಒಂದು ದಿನ ಅವರ ಕೈಗೆ ಒಂದು ಲಕೋಟೆ ಬಂತು. ಒಳಗಿದ್ದದ್ದು ಜೂಜುಕೋರನೊಬ್ಬ ಕಳಿಸಿದ 300 ಡಾಲರ್. ಅದನ್ನು ಹಿಡಿದುಕೊಂಡು ಮೇಲಧಿಕಾರಿಯ ಬಳಿ ಹೋದರೆ ಸಿಕ್ಕಿದ ಸಲಹೆ ಒಂದೇ, ಇದನ್ನು ಮರೆತುಬಿಡು.

ಜೂಜುಕೋರರಿಂದ ಮಾಮೂಲು ಸಂಗ್ರಹಿಸಿ, ಪ್ರತಿಯೊಬ್ಬ ಮಫ್ತಿ ಪೊಲೀಸನಿಗೂ ತಿಂಗಳ ಪಾಲು ಮುಟ್ಟಿಸುವ ಪದ್ಧತಿ ಆ ಹೊತ್ತಿಗೆ ಚೆನ್ನಾಗಿ ಬೇರುಬಿಟ್ಟಿತ್ತು. ಹೊಸಬನಿಗೆ ಪಾಲು ಯಾವಾಗಿನಿಂದ, ವರ್ಗವಾಗಿ ಹೋದವನಿಗೆ ಎಲ್ಲಿಯವರೆಗೆ ಎಂಬುದಕ್ಕೂ ನಿಯಮಗಳಿದ್ದವು.

ಸಿನಿಮಾ ಹೆಚ್ಚು ಹೊತ್ತು ನಿಲ್ಲುವುದು ಗುಂಡಿನ ಕಾಳಗಗಳ ಬಳಿಯಲ್ಲ, ಮುಚ್ಚಿದ ಬಾಗಿಲುಗಳ ಮುಂದೆ. ಅದೇ ಅದರ ದೊಡ್ಡ ಶಕ್ತಿ. ಸರ್ಪಿಕೊ ಒಬ್ಬ ಅಧಿಕಾರಿಯಿಂದ ಇನ್ನೊಬ್ಬರ ಬಳಿಗೆ ಹೋಗುತ್ತಾನೆ. ಕೇಳಿಸಿಕೊಳ್ಳುವವರು ಕೆಟ್ಟವರಂತೆ ಕಾಣುವುದಿಲ್ಲ. ತಲೆಯಾಡಿಸುತ್ತಾರೆ, ಮೆಚ್ಚುತ್ತಾರೆ, ವಿಷಯ ಮೇಲಿನವರ ಗಮನದಲ್ಲಿದೆ ಎನ್ನುತ್ತಾರೆ. ಕಡತ ಮಾತ್ರ ಅಲುಗುವುದಿಲ್ಲ. ಸಹೋದ್ಯೋಗಿ ಡೇವಿಡ್ ಡರ್ಕ್ ಅವರ ಪರಿಚಯದ ಬಲದಿಂದ ದೂರು ಮೇಯರ್ ಕಚೇರಿಗೂ ಮುಟ್ಟಿತು. ಬೇಸಿಗೆಯಲ್ಲಿ ಗಲಭೆಯಾಗುವ ಭಯವಿದ್ದಾಗ ಪೊಲೀಸರನ್ನು ಎದುರುಹಾಕಿಕೊಳ್ಳುವ ಮನಸ್ಸು ಅಲ್ಲಿಯೂ ಇರಲಿಲ್ಲ. ಬ್ರಾಂಕ್ಸ್‌ನಲ್ಲಿ ಒಂದು ತನಿಖೆ ನಡೆದು ಕೆಳಹಂತದ ಕೆಲವರ ಮೇಲೆ ಮೊಕದ್ದಮೆ ಹೂಡಿದರಾದರೂ ಮೇಲಿನವರ ತಂಟೆಗೆ ಯಾರೂ ಹೋಗಲಿಲ್ಲ.

ನಾಲ್ಕು ವರ್ಷ ಹೀಗೆ ಕಳೆದ ಮೇಲೆ ಅವರು ಪತ್ರಿಕೆಯ ಮೊರೆಹೋದರು. 1970ರ ಏಪ್ರಿಲ್ 25ರಂದು ಡೇವಿಡ್ ಬರ್ನ್‌ಹ್ಯಾಮ್ ಅವರ ವರದಿ ‘ನ್ಯೂಯಾರ್ಕ್ ಟೈಮ್ಸ್’ನ ಮುಖಪುಟದಲ್ಲಿ ಬಂತು. ಇಷ್ಟು ವರ್ಷ ಆಗದ್ದು ಆಗ ಕೆಲವೇ ವಾರಗಳಲ್ಲಿ ಆಯಿತು. ಮೇಯರ್ ಜಾನ್ ಲಿಂಡ್ಸೆ ವಿಚಾರಣಾ ಆಯೋಗ ನೇಮಿಸಿದರು. ವಕೀಲ ವಿಟ್‌ಮನ್ ನ್ಯಾಪ್ ಅದರ ಅಧ್ಯಕ್ಷರು. ಸಿಕ್ಕಿದ್ದನ್ನು ಸುಮ್ಮನೆ ತೆಗೆದುಕೊಳ್ಳುವವರನ್ನು ‘ಹುಲ್ಲು ಮೇಯುವವರು’ ಎಂದೂ ಬೆನ್ನುಹತ್ತಿ ವಸೂಲಿ ಮಾಡುವವರನ್ನು ‘ಮಾಂಸ ತಿನ್ನುವವರು’ ಎಂದೂ ಆಯೋಗ ವಿಂಗಡಿಸಿತು. ಮೊದಲನೆಯವರೇ ಬಹುಸಂಖ್ಯಾತರು, ಲಂಚವನ್ನು ಮರ್ಯಾದಸ್ಥವಾಗಿಸಿದವರೂ ಅವರೇ ಎಂದು ಅದು ಹೇಳಿತು. ಹೋಟೆಲಿನ ಪುಕ್ಕಟೆ ಊಟವನ್ನು ಲುಮೆಟ್ ಅಷ್ಟು ಗಮನವಿಟ್ಟು ತೋರಿಸಿದ್ದೇಕೆ ಎಂಬುದು ಇಲ್ಲಿ ತಿಳಿಯುತ್ತದೆ.

1971ರ ಫೆಬ್ರವರಿ 3ರ ರಾತ್ರಿ ಬ್ರೂಕ್ಲಿನ್‌ನ ವಿಲಿಯಮ್ಸ್‌ಬರ್ಗ್‌ನಲ್ಲಿ ಮಾದಕವಸ್ತು ಮಾರುವವರ ಮನೆ ಮೇಲೆ ದಾಳಿ. ಸರ್ಪಿಕೊ ಬಾಗಿಲು ತಟ್ಟಿದರು. ಬಾಗಿಲು ತುಸು ತೆರೆಯುತ್ತಲೇ ಭುಜ ಒಳಗೆ ತೂರಿಸಿದರು. ಒಳಗಿನವರು ಬಾಗಿಲನ್ನು ಒತ್ತಿ ಹಿಡಿದಾಗ ಅರ್ಧ ದೇಹ ಒಳಗೆ, ಅರ್ಧ ಹೊರಗೆ. ಹಿಂದೆ ನಿಂತ ಜೊತೆಗಾರರಿಂದ ನೆರವು ಬರಲಿಲ್ಲ. ಗುಂಡು ಮುಖಕ್ಕೇ ಬಿತ್ತು. ತುರ್ತು ಸಹಾಯಕ್ಕೆ ಕರೆ ಮಾಡಿದ್ದು ಪಕ್ಕದ ಮನೆಯ ಮುದುಕರೊಬ್ಬರು. ಬೇಕೆಂದೇ ಸಿಕ್ಕಿಸಿದರು ಎಂಬ ಅನುಮಾನ ಎಂದೂ ಸಾಬೀತಾಗಲಿಲ್ಲ. ಸರ್ಪಿಕೊ ಬದುಕಿದರು, ಎಡಗಿವಿಯ ಶ್ರವಣಶಕ್ತಿ ಹೋಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಆಯೋಗದ ಮುಂದೆ ಬಹಿರಂಗವಾಗಿ ಸಾಕ್ಷಿ ನುಡಿದರು. ಈಗ ಪ್ರಾಮಾಣಿಕ ಪೊಲೀಸ್ ಭ್ರಷ್ಟನಿಗೆ ಹೆದರುತ್ತಾನೆ, ಭ್ರಷ್ಟನೇ ಪ್ರಾಮಾಣಿಕನಿಗೆ ಹೆದರುವಂತಾಗಬೇಕು ಎಂಬುದು ಅವರ ಮಾತಿನ ಸಾರ.

ಪೀಟರ್ ಮಾಸ್ ಬರೆದ ಜೀವನಕಥೆಯನ್ನು ತೆರೆಗೆ ತಂದ ಲುಮೆಟ್, ಸ್ಟುಡಿಯೋ ಬಿಟ್ಟು ನ್ಯೂಯಾರ್ಕಿನ ಬೀದಿ, ಮೆಟ್ಟಿಲು, ಇಕ್ಕಟ್ಟಿನ ಮನೆಗಳಲ್ಲೇ ಚಿತ್ರೀಕರಿಸಿದರು. ನಾಯಕ ಅಲ್ ಪಚಿನೊ ಮೊದಲು ನುಣ್ಣಗೆ ಕ್ಷೌರ ಮಾಡಿದ ಪೇದೆಯಾಗಿ ಕಾಣುತ್ತಾನೆ, ಬರುಬರುತ್ತಾ ಉದ್ದ ಕೂದಲು, ಪೊದೆಗಡ್ಡ. ಇದಕ್ಕಾಗಿ ಚಿತ್ರೀಕರಣ ಹಿಂದುಮುಂದಾಗಿ ನಡೆಯಿತು. ಕೊನೆಯ ದೃಶ್ಯಗಳನ್ನು ಮೊದಲು ತೆಗೆದು, ಗಡ್ಡವನ್ನು ಹಂತಹಂತವಾಗಿ ಕತ್ತರಿಸುತ್ತಾ ಆರಂಭದ ಕಡೆಗೆ ಬಂದರು. ಹೀಗೆ ತಲೆಕೆಳಗಾಗಿ ದುಡಿದೂ, ಹಸನ್ಮುಖಿ ಹುಡುಗನೊಬ್ಬ ಸಿಡುಕನಾಗುತ್ತಾ, ಪ್ರೀತಿಸಿದವಳನ್ನೂ ಕಳೆದುಕೊಳ್ಳುತ್ತಾ ಹೋಗುವುದನ್ನು ಪಚಿನೊ ಎಲ್ಲೂ ಎಳೆ ತಪ್ಪದಂತೆ ಅಭಿನಯಿಸಿದ್ದಾರೆ. ಅವರಿಗೂ ಚಿತ್ರಕಥೆಗೂ ಆಸ್ಕರ್ ನಾಮನಿರ್ದೇಶನ ಸಿಕ್ಕಿತು. ಸಂಗೀತ, ಗ್ರೀಸಿನ ಸೇನಾಡಳಿತದಲ್ಲಿ ಸೆರೆಮನೆ ಕಂಡಿದ್ದ ಮಿಕಿಸ್ ಥಿಯೊಡೊರಾಕಿಸ್ ಅವರದು.

ಸರ್ಪಿಕೊ 1972ರಲ್ಲಿ ಕೆಲಸ ಬಿಟ್ಟು ಯೂರೋಪಿಗೆ ಹೋದರು. ಇಲಾಖೆಯ ಅತ್ಯುನ್ನತ ಪದಕವನ್ನು ಸಮಾರಂಭವಿಲ್ಲದೆ ಅವರ ಕೈಗಿತ್ತಿದ್ದರು. ಜೊತೆಗೆ ಬರಬೇಕಿದ್ದ ಪ್ರಮಾಣಪತ್ರ ತಲುಪಿದ್ದು 2022ರಲ್ಲಿ, ಅವರಿಗೆ 85 ವರ್ಷವಾಗಿದ್ದಾಗ.

ಲಂಚವೂ ವೇಷ ಬದಲಿಸಿತು. 1994ರಲ್ಲಿ ವರದಿ ಕೊಟ್ಟ ಮಾಲೆನ್ ಆಯೋಗ ಅದೇ ನಗರದಲ್ಲಿ ಮಾದಕವಸ್ತು ವ್ಯವಹಾರಕ್ಕೇ ಇಳಿದಿದ್ದ ಪೊಲೀಸರ ಗುಂಪುಗಳನ್ನು ಕಂಡಿತು. ಲುಮೆಟ್ ಕೂಡ ಈ ವಿಷಯವನ್ನು ಅಲ್ಲಿಗೇ ಬಿಡಲಿಲ್ಲ. 1981ರ ‘ಪ್ರಿನ್ಸ್ ಆಫ್ ದ ಸಿಟಿ’ಯಲ್ಲಿ ಸಾಕ್ಷಿ ಹೇಳುವವನು ಸ್ವತಃ ಲಂಚದಲ್ಲಿ ಪಾಲು ಪಡೆದವನು, ಅವನು ಒಪ್ಪಿಸಬೇಕಾದದ್ದು ತನ್ನ ಗೆಳೆಯರನ್ನೇ. ‘ಸರ್ಪಿಕೊ’ ನೋಡಿದವರು ಅದರ ಬೆನ್ನಿಗೇ ಈ ಚಿತ್ರವನ್ನೂ ನೋಡಬೇಕು.