ವೀಣೆಯ ಬೆಲೆ, ವೀಣೆಯ ವೆಚ್ಚ: ಸಿಂಪಾಡಿಪುರದ ಕಸುಬು ಕಲಿಸುವ ಲೆಕ್ಕ

ಸ್ಪೇನ್ ದೇಶದ ದಕ್ಷಿಣ ಭಾಗದ ಗ್ರನಾಡಾ ನಗರವು ಫ್ಲಮೆಂಕೊ ಗಿಟಾರುಗಳ ತಯಾರಿಕೆಗೆ ಪ್ರಸಿದ್ಧವಾಗಿದೆ. ಅಷ್ಟು ದೂರ ಹೋಗಲಾರದವರು ಯಲಹಂಕದಿಂದ ಉತ್ತರಕ್ಕೆ ಹೊರಟು ದೊಡ್ಡಬಳ್ಳಾಪುರ ತಾಲ್ಲೂಕಿನ ಸಿಂಪಾಡಿಪುರವನ್ನು ನೋಡಬಹುದು. ಇದು ವೀಣೆ ತಯಾರಿಸುವ ಗ್ರಾಮ. ಇಲ್ಲಿ ಈ ಕಸುಬು ಬೆಳೆದ ಬಗೆಯನ್ನು ಹೇಳುವಾಗ ಹಿರಿಯ ಕುಶಲಕರ್ಮಿ ಪೆನ್ನ ಓಬಳಯ್ಯನವರ ಹೆಸರನ್ನು ಸ್ಮರಿಸುವುದು ವಾಡಿಕೆ.

ಕೆಲವು ವರ್ಷಗಳ ಹಿಂದೆ ಇದೇ ಕಸುಬಿನವರೊಬ್ಬರು ಒಂದು ನೋಟುಪುಸ್ತಕ ಹಿಡಿದು ನನ್ನ ಕಚೇರಿಗೆ ಬಂದಿದ್ದರು. "ಸ್ವಾಮಿ, ಪುಸ್ತಕದಲ್ಲಿ ಲಾಭ ಕಾಣುತ್ತದೆ, ಮನೆಯಲ್ಲಿ ದುಡ್ಡು ಕಾಣುವುದಿಲ್ಲ" ಎಂಬುದು ಅವರ ಅಳಲು. ಅಂದು ಅವರಿಗೆ ವಿವರಿಸಿದ ಸಂಗತಿಗಳು ಎಲ್ಲ ಸಣ್ಣ ಉತ್ಪಾದಕರಿಗೂ ಅನ್ವಯಿಸುವುದರಿಂದ ಇಲ್ಲಿ ನಿರೂಪಿಸುತ್ತಿದ್ದೇನೆ.

ಕೆಲಸದ ಸ್ವರೂಪ

ವೀಣೆಗೆ ಹಲಸಿನ ಮರವೇ ಮುಖ್ಯ ಕಚ್ಚಾವಸ್ತು. ಕೊಯ್ದ ಮರವನ್ನು ಒಡನೆಯೇ ಬಳಸುವಂತಿಲ್ಲ; ತೇವಾಂಶ ಆರುವವರೆಗೆ ಕಾಯಬೇಕು. ಅನಂತರ ಬುರುಡೆಯನ್ನು ತೋಡಿ, ದಂಡಿಯನ್ನು ಜೋಡಿಸಿ, ಯಾಳಿಯ ಮುಖವನ್ನು ಕೆತ್ತಬೇಕು. ಮೇಣದ ಮೇಲೆ 24 ಮೆಟ್ಟಿಲುಗಳನ್ನು ಕೂರಿಸಿ, ನುಡಿಸುವ 4 ಮತ್ತು ತಾಳದ 3 ತಂತಿಗಳನ್ನು ಕಟ್ಟಬೇಕು. ಮೆಟ್ಟಿಲು ಕೂರಿಸುವ ಕೆಲಸವನ್ನು ಅಳತೆಕೋಲು ನಿರ್ಧರಿಸುವುದಿಲ್ಲ, ಕಿವಿ ನಿರ್ಧರಿಸುತ್ತದೆ. ಒಟ್ಟಿನಲ್ಲಿ ಬಂಡವಾಳವು ಬಹುಕಾಲ ಮರದ ರೂಪದಲ್ಲಿಯೇ ಕುಳಿತಿರುತ್ತದೆ.

ಬಿಟ್ಟುಹೋದ ಲೆಕ್ಕಗಳು

ತಿಳಿವಳಿಕೆಗಾಗಿ ಒಂದು ಕಲ್ಪಿತ ಉದಾಹರಣೆಯನ್ನು ತೆಗೆದುಕೊಳ್ಳೋಣ. ವೀಣೆಯ ಮಾರಾಟ ಬೆಲೆ ರೂ. 30,000. ಸಾಮಗ್ರಿಗಳ ವೆಚ್ಚ ರೂ. 12,000, ಇದರಲ್ಲಿ ಮರದ ಪಾಲು ರೂ. 6,000. ಉಳಿದ ರೂ. 18,000 ಲಾಭವೆಂದು ತಯಾರಕರು ಭಾವಿಸುತ್ತಾರೆ. ಆದರೆ 20 ದಿನಗಳ ಸ್ವಂತ ದುಡಿಮೆಗೆ ದಿನಕ್ಕೆ ರೂ. 800ರಂತೆ ರೂ. 16,000 ಹಿಡಿಯಬೇಕು. ಮರವನ್ನು ಒಂದು ವರ್ಷ ಇಟ್ಟುಕೊಂಡದ್ದಕ್ಕೆ ಶೇ. 12ರ ಬಡ್ಡಿ ರೂ. 720. ವಿದ್ಯುತ್ತು ಮತ್ತು ಉಪಕರಣಗಳ ಸವಕಳಿ ರೂ. 500. ಹತ್ತು ತುಂಡುಗಳಲ್ಲಿ ಒಂದು ಒಣಗುವಾಗಲೇ ಬಿರುಕು ಬಿಟ್ಟರೆ, ಅದರ ಬೆಲೆಯನ್ನು ಉಳಿದ ಒಂಬತ್ತು ಹೊರಬೇಕು. ಅಂದರೆ ತಲಾ ರೂ. 667. ಎಲ್ಲವನ್ನೂ ಕೂಡಿದರೆ ವೆಚ್ಚ ರೂ. 29,887, ನಿಜವಾದ ಲಾಭ ಕೇವಲ ರೂ. 113! ಖರೀದಿದಾರರು ಆರು ತಿಂಗಳು ತಡವಾಗಿ ಹಣ ಕೊಟ್ಟರೆ ಅದೇ ದರದಲ್ಲಿ ಬಡ್ಡಿ ರೂ. 1,800, ಆಗ ಲಾಭವು ರೂ. 1,687ರ ನಷ್ಟವಾಗಿ ಪರಿಣಮಿಸುತ್ತದೆ.

ತೆರಿಗೆ ವಿನಾಯಿತಿಯ ಎರಡು ಮುಖ

ಕೈಯಿಂದ ತಯಾರಿಸಿದ ದೇಶೀಯ ಸಂಗೀತ ವಾದ್ಯಗಳಿಗೆ ಸರಕು ಮತ್ತು ಸೇವಾ ತೆರಿಗೆಯಿಂದ ವಿನಾಯಿತಿಯಿದೆ. ಕೇವಲ ಇಂತಹ ಸರಕುಗಳನ್ನು ಮಾರುವವರು ನೋಂದಣಿ ಮಾಡಿಸಬೇಕಾಗಿಲ್ಲ. ಆದರೆ ಬಣ್ಣ, ತಂತಿ, ಲೋಹ ಮುಂತಾದವುಗಳ ಖರೀದಿಯಲ್ಲಿ ತೆತ್ತ ತೆರಿಗೆಯ ಜಮೆ ದೊರೆಯದು. ಅದು ವೆಚ್ಚಕ್ಕೇ ಸೇರುತ್ತದೆ. ರಫ್ತಿನ ವಿಷಯ ಬೇರೆ. ನೋಂದಾಯಿತರು ರಫ್ತು ಮಾಡಿದಲ್ಲಿ, ಸರಕು ವಿನಾಯಿತಿಗೆ ಒಳಪಟ್ಟಿದ್ದರೂ, ನಿಯಮಾನುಸಾರ ಈ ಜಮೆಯ ಮರುಪಾವತಿ ಕೋರಬಹುದು. ಸಾಗರೋತ್ತರ ಬೇಡಿಕೆಯುಳ್ಳವರು ಎರಡೂ ಮಾರ್ಗಗಳನ್ನು ತೂಗಿ ನೋಡುವುದು ಒಳಿತು.

ಮರದ ಆಯ್ಕೆಗೂ ಕಾನೂನಿನ ನಂಟಿದೆ. 2017ರ ಜನವರಿ 2ರಿಂದ ಬೀಟೆ ಮರದ ಕುಲವು ಅಂತಾರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದದ ನಿಯಂತ್ರಣಕ್ಕೆ ಒಳಪಟ್ಟಾಗ ಗಿಟಾರು ತಯಾರಕರು ತೊಂದರೆಗೀಡಾದರು. ಸಿದ್ಧ ವಾದ್ಯಗಳಿಗೆ ಸಡಿಲಿಕೆ ದೊರೆತದ್ದು 2019ರ ನವೆಂಬರಿನಲ್ಲಿ. ಹಲಸಿಗೆ ಆ ತೊಡಕಿಲ್ಲ.

ಬಾಕಿ ಹಣದ ರಕ್ಷಣೆ

2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯಿದೆಯ 15ನೇ ಕಲಮಿನಂತೆ, ಸೂಕ್ಷ್ಮ ಹಾಗೂ ಸಣ್ಣ ಉತ್ಪಾದಕರಿಗೆ ಲಿಖಿತ ಒಪ್ಪಂದವಿದ್ದರೂ 45 ದಿನಗಳನ್ನು ಮೀರದಂತೆ, ಒಪ್ಪಂದವಿಲ್ಲದಿದ್ದಲ್ಲಿ 15 ದಿನಗಳೊಳಗೆ ಹಣ ಪಾವತಿಯಾಗಬೇಕು. ತಪ್ಪಿದಲ್ಲಿ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿಯನ್ನು ಮಾಸಿಕ ಚಕ್ರಬಡ್ಡಿಯಾಗಿ ತೆರಬೇಕಾಗುತ್ತದೆ. ಉತ್ಪಾದಕರು ಸರಕು ಕಳುಹಿಸುವ ಮೊದಲೇ ಉದ್ಯಮ್ ನೋಂದಣಿ ಮಾಡಿಸಿ, ಅದರ ಸಂಖ್ಯೆಯನ್ನು ಬಿಲ್ಲಿನಲ್ಲಿ ನಮೂದಿಸುವುದು ಕ್ಷೇಮ. ಖರೀದಿಸುವ ವರ್ತಕ ಮಿತ್ರರೂ ಎಚ್ಚರ ವಹಿಸಬೇಕು. ಅವಧಿ ಮೀರಿದ ಇಂತಹ ಬಾಕಿಯನ್ನು ಹಣ ಕೊಟ್ಟ ವರ್ಷದಲ್ಲಷ್ಟೇ ವೆಚ್ಚವೆಂದು ಪರಿಗಣಿಸುವ ಆದಾಯ ತೆರಿಗೆ ನಿಯಮವು 2024-25ರ ನಿರ್ಧರಣಾ ವರ್ಷದಿಂದ ಜಾರಿಗೆ ಬಂದಿದೆ.

ಹೆಸರಿಗೂ ಬೆಲೆಯುಂಟು

ತಂಜಾವೂರು ಮತ್ತು ಬೊಬ್ಬಿಲಿ ವೀಣೆಗಳಿಗೆ ಭೌಗೋಳಿಕ ಸೂಚಿಯ ಮಾನ್ಯತೆ ಲಭಿಸಿದೆ. ಇದಕ್ಕೆ ಉತ್ಪಾದಕರ ಸಂಘ ಅಥವಾ ಸಂಸ್ಥೆ ಅರ್ಜಿ ಸಲ್ಲಿಸಬೇಕು. ಒಬ್ಬ ವ್ಯಕ್ತಿಯ ಸ್ವಂತಕ್ಕೆ ಅದು ದೊರೆಯದು. ನೋಂದಣಿಯ ಅವಧಿ 10 ವರ್ಷ, ಅನಂತರ ನವೀಕರಿಸಬಹುದು. ಒಂದೇ ಕಸುಬಿನ ಹತ್ತಾರು ಮನೆಗಳು ಸಂಘಟಿತರಾಗಲು ಇದೊಂದೇ ಕಾರಣ ಸಾಲದೆ?

ನೋಟುಪುಸ್ತಕ ತಂದವರು ಅಂದು ಲೆಕ್ಕವನ್ನು ಎರಡು ಬಾರಿ ಓದಿಸಿಕೊಂಡು, ಬಹಳ ಹೊತ್ತು ಸುಮ್ಮನೆ ಕುಳಿತಿದ್ದರು. ಅವರ ಮಗ ಅಷ್ಟರಲ್ಲಾಗಲೇ ದೊಡ್ಡಬಳ್ಳಾಪುರದ ಉಡುಪು ಕಾರ್ಖಾನೆಯೊಂದಕ್ಕೆ ಸೇರಿದ್ದ. "ಅಲ್ಲಿ ತಿಂಗಳ ಕೊನೆಗೆ ಸಂಬಳ ಬರುತ್ತದೆ ಎಂದಿದ್ದ, ಬೈದಿದ್ದೆ" ಎಂದರು. ಮಗ ಮರಳಲಿಲ್ಲ. ತಂದೆ ಮಾತ್ರ ಅಂದಿನಿಂದ ಅರ್ಧ ಹಣ ಮುಂಗಡ ಪಡೆಯದೆ ಮರಕ್ಕೆ ಉಳಿ ಹಚ್ಚುವುದಿಲ್ಲ. ತಮ್ಮ ಕೂಲಿಯನ್ನು ಪುಸ್ತಕದ ಮೊದಲ ಸಾಲಿನಲ್ಲಿಯೇ ಬರೆಯುತ್ತಾರೆ. ದುಡಿಯುವವನ ಕೂಲಿಯನ್ನು ಲೆಕ್ಕಕ್ಕೆ ಹಿಡಿಯದ ಕಸುಬಿಗೆ ಮುಂದಿನ ತಲೆಮಾರು ಬರಲಾರದು. ಸದಸ್ಯರು ತಮ್ಮ ತಮ್ಮ ಪುಸ್ತಕಗಳಲ್ಲಿ ಆ ಮೊದಲ ಸಾಲು ಇದೆಯೇ ಎಂದು ಒಮ್ಮೆ ಪರಿಶೀಲಿಸಿಕೊಳ್ಳಬೇಕೆಂದು ವಿನಂತಿ.