ಪರಿಚಯ ಅಂದರೆ ವಶೀಲಿ ಅಲ್ಲ

ಕೊಟ್ಟೂರಿನ ತೇರಿಗೆ ಊರಿಗೆ ಹೋದಾಗಲೆಲ್ಲ ಮಿರ್ಚಿ ಮಂಡಕ್ಕಿ ಅಂಗಡಿಯ ಮುಂದೆ ಯಾರಾದರೊಬ್ಬರು ನನ್ನನ್ನು ಪಕ್ಕಕ್ಕೆ ಕರೆಯುತ್ತಾರೆ. “ಅಣ್ಣಾ, ಗೇಮ್ ಕಂಪನ್ಯಾಗ ನಿಮಗ ಯಾರಾದ್ರೂ ಗೊತ್ತಿದ್ರ ಒಂದು ಮಾತು ಹೇಳ್ರೀ.” ಹೀಗೆ ಕೇಳುವವರು ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ ಕಡೆಯ ಮಕ್ಕಳು. ದಾವಣಗೆರೆಯಲ್ಲೋ ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ಚಿತ್ರಕಲೆ, ಆನಿಮೇಷನ್, ಡಿಸೈನ್ ಓದುತ್ತಿರುತ್ತಾರೆ. ಕೈ ಚೆನ್ನಾಗಿರುತ್ತದೆ, ಕಣ್ಣು ಇನ್ನೂ ಚೆನ್ನಾಗಿರುತ್ತದೆ. ಆದರೆ ಈ ಉದ್ಯಮದ ಬಾಗಿಲಿಗೆ ಬೀಗ ಹಾಕಿದೆ, ಬೀಗದ ಕೈ ಯಾರೋ ಒಬ್ಬರ ಸೊಂಟದಲ್ಲಿದೆ ಎಂಬ ನಂಬಿಕೆ ಅವರ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತಿದೆ. ಅದರ ಜೊತೆಗೆ ಇನ್ನೂ ನಾಲ್ಕಾರು ನಂಬಿಕೆಗಳಿವೆ. ವರ್ಷಗಟ್ಟಲೆ ಆಟಗಳಿಗೆ ಗುಡಿ, ಬೀದಿ, ಬೆಟ್ಟ ಕಟ್ಟಿಕೊಡುವ ಕೆಲಸ ಮಾಡಿದವನಾಗಿ ಅವುಗಳ ಬಗ್ಗೆ ಬಿಚ್ಚಿ ಮಾತಾಡಬೇಕು ಅನ್ನಿಸಿದೆ.

“ಒಳಗೆ ನಮ್ಮವರು ಅಂತ ಒಬ್ಬರಿರಬೇಕು”

ತಾಲ್ಲೂಕು ಕಚೇರಿಯ ಕೆಲಸಗಳನ್ನು ನೋಡಿ ಬೆಳೆದವರಿಗೆ ಹೀಗನ್ನಿಸುವುದು ಸಹಜ. ಆದರೆ ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆಯದೇ ಹೇಳುತ್ತದೆ. ಬಾಸ್ಟನ್ ಪಕ್ಕದ ಊರೊಂದರಲ್ಲಿ ಪರಿಚಿತರ ಮೂಲಕ ಹೊಸ ಕೆಲಸ ಹಿಡಿದವರನ್ನು ಅವರು ಕೇಳಿದ್ದು ಇಷ್ಟೇ: ಸುಳಿವು ಕೊಟ್ಟವರನ್ನು ಆಗ ಎಷ್ಟು ಸಲ ಭೇಟಿಯಾಗುತ್ತಿದ್ದಿರಿ? ಪದೇ ಪದೇ ಅಂದವರು ಶೇ. 17ರಷ್ಟು ಮಾತ್ರ. ಆಗೊಮ್ಮೆ ಈಗೊಮ್ಮೆ ಅಂದವರು ಶೇ. 56. ಉಳಿದ ಶೇ. 28ರಷ್ಟು ಜನ ಅವರನ್ನು ಕಾಣುತ್ತಿದ್ದುದೇ ಅಪರೂಪ. ಕಾರಣ ಸರಳ. ನಮ್ಮ ಓಣಿಯವರಿಗೆ ಗೊತ್ತಿರುವ ಸುದ್ದಿ ನಮಗೂ ಗೊತ್ತಿರುತ್ತದೆ. ಗೊತ್ತಿಲ್ಲದ ಸುದ್ದಿ ತರುವವರು ದೂರದವರೇ.

ಗೇಮ್ ಸ್ಟುಡಿಯೋದಲ್ಲಿ ಆಗುವುದನ್ನು ಹೇಳುತ್ತೇನೆ. ಅರ್ಜಿಯ ಜೊತೆ ಬಂದ ಪೋರ್ಟ್‌ಫೋಲಿಯೋ ಕೊಂಡಿಯನ್ನು ತಂಡದ ಹಿರಿಯ ಕಲಾವಿದರು ತೆರೆಯುತ್ತಾರೆ. ಮೊದಲ ಮೂರು ನಾಲ್ಕು ಚಿತ್ರಗಳಲ್ಲೇ ಒಂದು ಅಂದಾಜಿಗೆ ಬರುತ್ತಾರೆ. ಹಿಡಿಸಿದರೆ ಒಂದು ಸಣ್ಣ ಕೆಲಸ ಕೊಟ್ಟು ಪರೀಕ್ಷೆ ಮಾಡುತ್ತಾರೆ, ಆಮೇಲೆ ಮಾತುಕತೆ. ಒಳಗಿನವರು ಒಬ್ಬರು ಹೆಸರು ಹೇಳಿದರೆ ಆ ಕೊಂಡಿ ಸ್ವಲ್ಪ ಬೇಗ ತೆರೆಯಬಹುದು. ಆದರೆ ಆ ಕೊಂಡಿಯಲ್ಲಿ ತೋರಿಸುವಂಥ ಕೆಲಸವೇ ಇಲ್ಲದಿದ್ದರೆ ಯಾರ ಮಾತೂ ನಡೆಯುವುದಿಲ್ಲ. ನಾನೇ ಹೆಸರು ಹೇಳಿದ ಒಬ್ಬ ಹುಡುಗ ಪರೀಕ್ಷೆಯಲ್ಲಿ ನಿಲ್ಲಲಿಲ್ಲ. ಯಾರ ಶಿಫಾರಸೂ ಇಲ್ಲದೆ, ಬರೀ ಕೆಲಸ ನೋಡಿ ಕರೆಸಿಕೊಂಡವರು ಈಗ ನನ್ನ ಪಕ್ಕದ ಮೇಜಿನಲ್ಲಿದ್ದಾರೆ.

“ಗೇಮ್ ಅಂದ್ರ ಜೂಜು, ಮಗಳನ್ನ ಅದಕ್ಕ ಕಳಸಂಗಿಲ್ಲ”

ಇದು ಅಪ್ಪ ಅಮ್ಮಂದಿರ ಮಾತು, ಇದನ್ನು ಹಗುರವಾಗಿ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಮೊಬೈಲಿನಲ್ಲಿ ರಮ್ಮಿ ಆಡಿ ಸಾಲಕ್ಕೆ ಬಿದ್ದ ಮನೆಗಳು ನಮ್ಮ ಸುತ್ತಲೇ ಇವೆ. ಆದರೆ ಕಾನೂನೇ ಎರಡನ್ನೂ ಬೇರ್ಪಡಿಸಿದೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಕಟ್ಟಿ ಆಡುವ ಆಟಗಳನ್ನು ನಿಷೇಧಿಸಿತು. ಅದೇ ಕಾಯ್ದೆ ಇ-ಸ್ಪೋರ್ಟ್ಸ್ ಮತ್ತು ಪಣವಿಲ್ಲದ ಆಟಗಳಿಗೆ ಉತ್ತೇಜನ ಕೊಡಬೇಕು ಎಂದೂ ಹೇಳುತ್ತದೆ. ನಮ್ಮ ರಾಜ್ಯ ಸರ್ಕಾರ 2012ರಲ್ಲೇ ಆನಿಮೇಷನ್ ಮತ್ತು ಗೇಮಿಂಗ್ ಕ್ಷೇತ್ರಕ್ಕೆ ಪ್ರತ್ಯೇಕ ನೀತಿ ತಂದಿತ್ತು. ಈಗಿರುವುದು 2024ರಿಂದ 2029ರವರೆಗಿನ ನೀತಿ. ಕಥೆ, ಚಿತ್ರ, ಸಂಗೀತ, ಗಣಿತ ಸೇರಿ ಆಗುವ ಕಸುಬು ಇದು. ಸಿನಿಮಾಕ್ಕೂ ಮಟ್ಕಾಗೂ ಎಷ್ಟು ಸಂಬಂಧವೋ ಇದಕ್ಕೂ ಜೂಜಿಗೂ ಅಷ್ಟೇ.

“ಚಿತ್ರ ಬರೀತೀನಿ, ಅಂದಮೇಲೆ ಗೇಮ್ ಡಿಸೈನರ್ ಆದಂಗೆ”

ಆಗುವುದಿಲ್ಲ. ಈ ಗೊಂದಲದಿಂದಲೇ ಎಷ್ಟೋ ಅರ್ಜಿಗಳು ತಪ್ಪು ಮೇಜಿಗೆ ಹೋಗಿ ಬೀಳುತ್ತವೆ.

ಹಳೆಯ ಗುಡಿಗಳ ನೆಲಹಾಸಿನಲ್ಲಿ, ಹಂಪಿಯ ಮಂಟಪಗಳಲ್ಲಿ, ಕಲ್ಲಿನ ಮೇಲೆ ಕೊರೆದ ಆಟದ ಮನೆಗಳನ್ನು ನೀವು ನೋಡಿರುತ್ತೀರಿ. ಹುಲಿ-ಕುರಿ ಆಟವನ್ನೇ ತೆಗೆದುಕೊಳ್ಳಿ. 3 ಹುಲಿ, 15 ಕುರಿ. ಹುಲಿ ಹಾರಿ ಕುರಿಯನ್ನು ಹಿಡಿಯುತ್ತದೆ, ಕುರಿಗಳು ಗುಂಪುಗೂಡಿ ಹುಲಿಗೆ ದಾರಿಯೇ ಇಲ್ಲದಂತೆ ಕಟ್ಟಿಹಾಕುತ್ತವೆ. ಈಗ ಒಂದು ಹುಲಿಯನ್ನು ತೆಗೆದು ಆಡಿನೋಡಿ, ಇಲ್ಲವೇ ನಾಲ್ಕು ಕುರಿ ಕಡಿಮೆ ಮಾಡಿ. ಆಟ ಒಂದು ಕಡೆ ವಾಲುತ್ತದೆ. ಯಾರಿಗೆ ಎಷ್ಟು ಬಲ, ಎಷ್ಟು ದಾರಿ, ಯಾವಾಗ ಸೋಲಿನ ಭಯ, ಎಲ್ಲಿ ಗೆಲುವಿನ ಆಸೆ ಎಂದು ನಿರ್ಧರಿಸುವುದೇ ಗೇಮ್ ಡಿಸೈನ್. ಕಲ್ಲಿನ ಮೇಲೆ ಆ ಹುಲಿಯನ್ನು ಚೆಂದವಾಗಿ ಕೆತ್ತುವುದು ಗೇಮ್ ಆರ್ಟ್. ಎರಡೂ ದೊಡ್ಡ ಕೆಲಸಗಳೇ, ಆದರೆ ಬೇರೆ ಬೇರೆ. ಪಾತ್ರ ಬರೆಯುವವರು, ಪರಿಸರ ಕಟ್ಟುವವರು, ಆಟಗಾರ ನಡೆಯುವ ದಾರಿಯನ್ನು ರೂಪಿಸುವವರು, ಪರದೆಯ ಮೇಲಿನ ಗುಂಡಿ ಮತ್ತು ಅಕ್ಷರ ಜೋಡಿಸುವವರು, ತಪ್ಪು ಹುಡುಕುವವರು ಎಂದು ಇನ್ನೂ ಕವಲುಗಳಿವೆ. ‘ನಾನು ಏನು ಬೇಕಾದರೂ ಮಾಡ್ತೀನಿ’ ಎಂದು ಬರೆದವರಿಗೆ ಯಾವ ಕೆಲಸ ಕೊಡಬೇಕು ಅನ್ನುವುದೇ ತಿಳಿಯದೆ ಪಕ್ಕಕ್ಕಿಡುತ್ತಾರೆ. ನೀವು ಯಾರನ್ನು ಹುಡುಕಬೇಕು ಎನ್ನುವುದು ನೀವು ಏನು ಮಾಡುವವರು ಎಂಬುದರ ಮೇಲೆ ನಿಂತಿದೆ.

“ಲಕ್ಷಾಂತರ ಕಟ್ಟಿ ಕೋರ್ಸ್ ಮಾಡಿದರೆ ಅವರೇ ಕೆಲಸ ಕೊಡಿಸ್ತಾರೆ”

ಇಲ್ಲಿ ನನಗೆ ಸಿಟ್ಟು ಬರುತ್ತದೆ. ಹಡಗಲಿ ಕಡೆಯ ಮಲ್ಲಿಗೆ ಬೆಳೆಗಾರರೊಬ್ಬರು ಮಗನ ಕೋರ್ಸಿಗೆ ಸಾಲ ಮಾಡಿ ಹಣ ಕಟ್ಟಿದ್ದರು. ‘ನೂರಕ್ಕೆ ನೂರು ಕೆಲಸ’ ಎಂದು ಆ ಸಂಸ್ಥೆ ಬಾಯಿಮಾತಿನಲ್ಲಿ ಹೇಳಿತ್ತಂತೆ. ಕೊನೆಗೆ ಹುಡುಗನ ಕೈಯಲ್ಲಿದ್ದದ್ದು ಒಂದು ಪ್ರಮಾಣಪತ್ರ, ಮತ್ತು ತರಗತಿಯ ಮೂವತ್ತೂ ಮಕ್ಕಳು ಮಾಡಿದ್ದ ಒಂದೇ ತರಹದ ಕೋಣೆಯ ಚಿತ್ರ. ಅದೇ ಮೇಜು, ಅದೇ ದೀಪ, ಅದೇ ಕಿಟಕಿ. ಅದನ್ನು ಪೋರ್ಟ್‌ಫೋಲಿಯೋದಲ್ಲಿ ನೋಡಿದವರು ಮುಂದಿನದಕ್ಕೆ ಹೋಗುತ್ತಾರೆ. ಆ ತಂದೆ ಫೋನ್ ಮಾಡಿ “ಇನ್ನ ಏನ್ ಮಾಡಬೇಕ್ರೀ?” ಎಂದು ಕೇಳಿದಾಗ ನನ್ನ ಹತ್ತಿರ ತಕ್ಷಣಕ್ಕೆ ಉತ್ತರ ಇರಲಿಲ್ಲ.

ಎಲ್ಲ ಕೋರ್ಸೂ ಮೋಸವಲ್ಲ. ರಾಷ್ಟ್ರೀಯ ವಿನ್ಯಾಸ ಸಂಸ್ಥೆ ತನ್ನ ಬೆಂಗಳೂರು ಕೇಂದ್ರದಲ್ಲಿ ಡಿಜಿಟಲ್ ಗೇಮ್ ಡಿಸೈನ್ ಸ್ನಾತಕೋತ್ತರ ಪದವಿಯನ್ನು ಕಲಿಸಿದೆ. ಆದರೆ ಸಲಕರಣೆಗೆಂದು ಸಾಲ ಮಾಡಬೇಕಿಲ್ಲ. 3ಡಿ ಆಕಾರ ಕಟ್ಟುವ ಬ್ಲೆಂಡರ್ 2002ರಿಂದ ಮುಕ್ತ ತಂತ್ರಾಂಶ, ಪೂರ್ತಿ ಉಚಿತ. ಗೋಡೋ ಎಂಬ ಗೇಮ್ ಎಂಜಿನ್ ಸಾಧಾರಣ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಕೃತಾದಲ್ಲಿ ಚಿತ್ರ ಬರೆಯಬಹುದು. ಇನ್ನೊಂದು ಮಾತು: ಇಂಟರ್ನ್‌ಶಿಪ್ ಕೊಡಲು ನಿಮ್ಮಿಂದಲೇ ಹಣ ಕೇಳುವ ಕಡೆಗೆ ಹೋಗಬೇಡಿ.

“ಬೆಂಗಳೂರಿನಲ್ಲೇ ಇರಬೇಕು”

ಅರ್ಧ ನಿಜ. ಧ್ರುವ ಇಂಟರಾಕ್ಟಿವ್ ಎಂಬ ಗೇಮ್ ಕಂಪನಿಯನ್ನು ರಾಜೇಶ್ ರಾವ್ 1997ರಲ್ಲಿ ಶುರುಮಾಡಿದ್ದು ಬೆಂಗಳೂರಿನಲ್ಲೇ. ಫೋರ್ಜಾ ಆಟದಲ್ಲಿ ಓಡುವ ಕಾರುಗಳಲ್ಲಿ ಹಲವನ್ನು ರೂಪಿಸಿದ್ದು ಅಲ್ಲಿನ ಕಲಾವಿದರು. 2019ರಲ್ಲಿ ಆ ಕಂಪನಿಯನ್ನು ರಾಕ್‌ಸ್ಟಾರ್ ಗೇಮ್ಸ್ ಕೊಂಡಿತು. ಕೆಲಸ ಸಿಕ್ಕಮೇಲೆ ನೀವು ಬೆಂಗಳೂರು, ಪುಣೆ, ಹೈದರಾಬಾದಿನ ಬಸ್ಸು ಹತ್ತಬೇಕಾಗಬಹುದು. ಆದರೆ ಪರಿಚಯವಾಗಲು ಅಲ್ಲಿ ಬಾಡಿಗೆ ಕೋಣೆ ಹಿಡಿದು ಕೂರಬೇಕಿಲ್ಲ. ಗೇಮ್ ಜ್ಯಾಮ್ ಎಂಬ ಪದ್ಧತಿಯಿದೆ: ಒಂದು ವಿಷಯ ಕೊಡುತ್ತಾರೆ, ಎರಡು ಮೂರು ದಿನದಲ್ಲಿ ಗುಂಪು ಕಟ್ಟಿಕೊಂಡು ಒಂದು ಪುಟ್ಟ ಆಟ ಮಾಡಿ ಮುಗಿಸಬೇಕು. ಗ್ಲೋಬಲ್ ಗೇಮ್ ಜ್ಯಾಮ್ 2009ರಿಂದ ಪ್ರತಿವರ್ಷ ನಡೆಯುತ್ತಿದೆ. ಆನ್‌ಲೈನಿನಲ್ಲೇ ನಡೆಯುವ ಜ್ಯಾಮ್‌ಗಳು ವರ್ಷವಿಡೀ ಇವೆ. ಕೋಡ್ ಬರೆಯುವ ಹುಡುಗರಿಗೆ ಚಿತ್ರ ಬರೆಯುವವರು ಯಾವಾಗಲೂ ಬೇಕು. ನಿದ್ದೆಗೆಟ್ಟು ಜೊತೆಯಲ್ಲಿ ಕೆಲಸ ಮಾಡಿದವರು ನಿಮ್ಮನ್ನು ಮರೆಯುವುದಿಲ್ಲ. ಅವರಲ್ಲೊಬ್ಬರು ನಾಳೆ ಯಾವುದೋ ಸ್ಟುಡಿಯೋ ಸೇರುತ್ತಾರೆ. ಬೆಂಗಳೂರಿನ ಗ್ಯಾಫೆಕ್ಸ್ ಸಮ್ಮೇಳನಕ್ಕೆ ವರ್ಷಕ್ಕೊಮ್ಮೆ ಹೋಗಿಬಂದರೂ ಸಾಕು, ಕೈಯಲ್ಲಿ ತೋರಿಸಲು ಏನಾದರೂ ಇದ್ದರೆ.

ಕೆಲಸವೇ ಕಡಿಮೆಯಾದ ಕಾಲವಿದು ಎಂಬುದನ್ನೂ ಮುಚ್ಚಿಡಬಾರದು. 2023ರಲ್ಲಿ ಜಗತ್ತಿನಾದ್ಯಂತ ಹತ್ತು ಸಾವಿರಕ್ಕೂ ಹೆಚ್ಚು ಜನ ಗೇಮ್ ಉದ್ಯಮದಲ್ಲಿ ಕೆಲಸ ಕಳೆದುಕೊಂಡರು. 2025ರ ಫೆಬ್ರುವರಿಯಲ್ಲಿ ಸಿನಿಮಾ ಗ್ರಾಫಿಕ್ಸ್ ಮಾಡುತ್ತಿದ್ದ ಟೆಕ್ನಿಕಲರ್ ಸಂಸ್ಥೆ ಕುಸಿದಾಗ ಬೆಂಗಳೂರಿನ ನಮ್ಮದೇ ಗೆಳೆಯರು ಬೀದಿಗೆ ಬಂದರು. ಹಾಗಾಗಿ ಉತ್ತರ ಬರದಿದ್ದರೆ ಅದು ನಿಮ್ಮ ಊರಿನ ಕಾರಣಕ್ಕೆ, ನಿಮ್ಮ ಇಂಗ್ಲಿಷಿನ ಕಾರಣಕ್ಕೆ ಅಂದುಕೊಳ್ಳಬೇಡಿ. ಎಷ್ಟೋ ಸಲ ಆ ಕಡೆಯವರಿಗೆ ಹೇಳಲು ಸ್ವಾತಂತ್ರ್ಯವೇ ಇರುವುದಿಲ್ಲ. ಬಿಡುಗಡೆಯಾಗದ ಆಟದ ಬಗ್ಗೆ ಬಾಯಿ ಬಿಡುವುದಿಲ್ಲ ಎಂದು ನಾವೆಲ್ಲ ಸಹಿ ಹಾಕಿರುತ್ತೇವೆ. ‘ನನ್ನ ಹತ್ರ ಒಂದು ಐಡಿಯಾ ಇದೆ’ ಎಂದು ಬಂದ ಪತ್ರವನ್ನು ದೊಡ್ಡ ಕಂಪನಿಗಳು ಓದುವುದೂ ಇಲ್ಲ. ನಾಳೆ ಕದ್ದಿರಿ ಎಂಬ ಮಾತು ಬರಬಾರದಲ್ಲ.

“ನಮ್ಮೂರಿನದು ಯಾರಿಗೆ ಬೇಕು?”

ನನಗೆ ಬರುವ ಪೋರ್ಟ್‌ಫೋಲಿಯೋಗಳಲ್ಲಿ ಹತ್ತರಲ್ಲಿ ಎಂಟು ಜಪಾನಿನ ಬೀದಿ, ಯುರೋಪಿನ ಕೋಟೆ, ಬಂದೂಕು ಹಿಡಿದ ಸೈನಿಕ. ಬರೆದವರು ಗುಡೇಕೋಟೆಯ ಬಂಡೆಗಳ ನಡುವೆ ಆಡಿ ಬೆಳೆದವರು. ಅಂಕಸಮುದ್ರದ ಕೆರೆಯ ಜಾಲಿಮರಗಳ ತುಂಬ ಹಕ್ಕಿ ಕೂತದ್ದನ್ನು ಕಂಡವರು. ಆ ಕೆರೆ 2024ರಲ್ಲಿ ಜಗತ್ತಿನ ಮಹತ್ವದ ಜೌಗುನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಮೈಲಾರದಲ್ಲಿ ಕರಿಕಂಬಳಿ ಹೊದ್ದು ಕರಡಿಗೂದಲಿನ ಟೋಪಿ ಹಾಕಿದ ಗೊರವಯ್ಯ ಕಾರಣಿಕ ನುಡಿಯಲು ಬಿಲ್ಲನ್ನೇರಿ ‘ಸದ್ದಲೇ’ ಅಂದೊಡನೆ ಲಕ್ಷಾಂತರ ಜನ ಉಸಿರು ಬಿಗಿಹಿಡಿಯುವುದನ್ನು ನೋಡಿದವರು. ಇಂಥ ಪಾತ್ರ ಜಗತ್ತಿನ ಯಾವ ಆಟದಲ್ಲಿದೆ ಹೇಳಿ.

ಪುಣೆಯ ನಾಡಿಂಗ್ ಹೆಡ್ಸ್ ತಂಡ 2020ರಲ್ಲಿ ತಂದ ‘ರಾಜಿ’ ಆಟದಲ್ಲಿ ಕಥೆ ಹೇಳುವ ಭಾಗಗಳು ತೊಗಲುಗೊಂಬೆಯ ಶೈಲಿಯಲ್ಲಿವೆ. ಬಳ್ಳಾರಿ ಸೀಮೆಯವರಿಗೆ ತೊಗಲುಗೊಂಬೆ ಏನೆಂದು ಯಾರೂ ಹೇಳಿಕೊಡಬೇಕಿಲ್ಲ. ಟೊರಾಂಟೊದ ಸಣ್ಣ ತಂಡವೊಂದು ತಮಿಳು ತಾಯಿಯೊಬ್ಬಳ ಅಡುಗೆಮನೆಯನ್ನೇ ‘ವೆಂಬಾ’ ಎಂಬ ಆಟ ಮಾಡಿ 2024ರಲ್ಲಿ ಬಾಫ್ಟಾ ಪ್ರಶಸ್ತಿ ಪಡೆಯಿತು.

ನಮ್ಮ ಭಾಷೆಯೂ ಒಂದು ಪರಿಣತಿಯೇ. ಯೂನಿಟಿ ಎಂಬ ಗೇಮ್ ಎಂಜಿನ್ನಿನಲ್ಲಿ ಬಹುಕಾಲದಿಂದ ಬಳಸುತ್ತಿರುವ ಅಕ್ಷರ ಮೂಡಿಸುವ ಸಲಕರಣೆಗೆ ಕನ್ನಡದ ಒತ್ತಕ್ಷರ ಬರುವುದಿಲ್ಲ. ‘ಕೊಟ್ಟೂರು’ ಎಂದು ಬರೆದರೆ ಒತ್ತು ಕಳಚಿ ಪಕ್ಕಕ್ಕೆ ಬಂದು ಕೂರುತ್ತದೆ. 2023ರಲ್ಲಿ ಬಂದ ಗೋಡೋ 4ರಲ್ಲಿ ಅದು ಸರಿಯಾಗಿ ಕೂಡುತ್ತದೆ. ಇದನ್ನು ಪರೀಕ್ಷಿಸಿ, ಚಿತ್ರ ಸಮೇತ ತೋರಿಸಿದ ವಿದ್ಯಾರ್ಥಿಯ ಜೊತೆ ಮಾತಾಡಲು ಎಷ್ಟೋ ಜನ ತಾವಾಗಿಯೇ ಮುಂದೆ ಬರುತ್ತಾರೆ.

“ಸರ್, ಪ್ಲೀಸ್ ಗೈಡ್ ಮಿ”

ಈ ನಾಲ್ಕು ಪದದ ಸಂದೇಶ ಕಳಿಸಿ, ಉತ್ತರ ಬರಲಿಲ್ಲವೆಂದು ನೊಂದವರು ಬಹಳ. ಅದಕ್ಕೆ ಉತ್ತರಿಸಬೇಕಾದರೆ ಒಂದು ಪುಸ್ತಕವನ್ನೇ ಬರೆಯಬೇಕು. ಕಳೆದ ವರ್ಷ ಕೂಡ್ಲಿಗಿ ತಾಲ್ಲೂಕಿನ ವಿದ್ಯಾರ್ಥಿನಿಯೊಬ್ಬಳು ಕಳಿಸಿದ್ದು ಬೇರೆ ತರಹದ್ದು. ಕನ್ನಡ, ಇಂಗ್ಲಿಷ್ ಎರಡೂ ಬೆರೆತಿದ್ದವು, ಕಾಗುಣಿತದ ತಪ್ಪುಗಳೂ ಇದ್ದವು. ಅವಳು ಹರಪನಹಳ್ಳಿ ಹತ್ತಿರದ ಬಾಗಳಿಗೆ ಹೋಗಿ ಕಲ್ಲೇಶ್ವರ ಗುಡಿಯ ಕಂಬವೊಂದರ ಫೋಟೋ ತೆಗೆದಿದ್ದಳು. ಚಾಲುಕ್ಯರ ಕಾಲದ ಶಿಲ್ಪಿಗಳು ಕಲ್ಲನ್ನು ಚರಕಿಯ ಮೇಲೆ ತಿರುಗಿಸಿ ಕಂಬ ಕಡೆಯುತ್ತಿದ್ದರಲ್ಲ, ಬ್ಲೆಂಡರಿನಲ್ಲಿ ಅವಳು ಮಾಡಿದ್ದೂ ಅದನ್ನೇ: ಕಂಬದ ಅರ್ಧ ಅಂಚನ್ನು ಗೆರೆಯಲ್ಲಿ ಎಳೆದು, ಅದನ್ನು ನಡು ಅಕ್ಷದ ಸುತ್ತ ತಿರುಗಿಸಿದ್ದಳು. ಜೊತೆಗಿದ್ದ ಪ್ರಶ್ನೆ ಒಂದೇ. “ಸುತ್ತಲೂ 16 ಮುಖ ಇಟ್ಟರೆ ಗಂಟೆಯಾಕಾರದ ಭಾಗ ಮೂಲೆಮೂಲೆಯಾಗಿ ಕಾಣ್ತದ. 64 ಇಟ್ಟರೆ ಫೋನಿನಲ್ಲಿ ಭಾರ ಆಗ್ತದ. ಎಲ್ಲಿ ಉಳಿಸಬೇಕು, ಎಲ್ಲಿ ಖರ್ಚು ಮಾಡಬೇಕು ಸರ್?”

ಎರಡು ನಿಮಿಷದಲ್ಲಿ ಉತ್ತರಿಸಬಹುದಾದ ಪ್ರಶ್ನೆ. ಬಸ್ಸಿನಲ್ಲಿ ನಿಂತುಕೊಂಡೇ ಬರೆದೆ: ಆಕಾಶದ ಎದುರು ಅಂಚು ಕಾಣುವ ಉಬ್ಬಿನ ಜಾಗದಲ್ಲಿ ಮಾತ್ರ 32 ಇಡು. ಕೆಳಗಿನ ಚೌಕ ಪೀಠಕ್ಕೆ ನಾಲ್ಕೇ ಮುಖ ಸಾಕು. ಸಣ್ಣ ಗೆರೆ, ಮಣಿಸಾಲು ಇವನ್ನೆಲ್ಲ ಕಡೆಯಬೇಡ, ನಾರ್ಮಲ್ ಮ್ಯಾಪಿಗೆ ಹಾಕು. ಬೆಳಕು ಅಲ್ಲಿ ಕೆತ್ತನೆ ಇದೆಯೆಂದೇ ತಿಳಿಯುತ್ತದೆ.

ಎಂಟು ದಿನಕ್ಕೆ ತಿದ್ದಿದ ಕಂಬ ಬಂತು. ನಾನು ಅದನ್ನು ಪಕ್ಕದ ಮೇಜಿನವರಿಗೆ ತೋರಿಸಿದೆ. ಅವರು ಕನ್ನಡಿಗರಲ್ಲ, ಬಾಗಳಿ ಎಲ್ಲಿದೆ ಅಂತಲೂ ಗೊತ್ತಿರಲಿಲ್ಲ. ಪರದೆಯನ್ನು ಹತ್ತಿರಕ್ಕೆ ಎಳೆದುಕೊಂಡು, ಕಂಬವನ್ನು ಸುತ್ತ ತಿರುಗಿಸಿ ನೋಡಿ, ಇದನ್ನು ಮಾಡಿದವರು ಯಾರು ಎಂದು ಕೇಳಿದರು.